ಮತಪೆಟ್ಟಿಗೆಯೆಂಬ ಅಮಾನತ್
ಮತವು ಸಾಕ್ಷ್ಯವಾದರೆ, ಅದನ್ನು ಎಣಿಸುವವರ ಕೈಯಲ್ಲಿ ಅದೊಂದು ಅಮಾನತ್. ನಂಬಿ ಒಪ್ಪಿಸಿದ ಸೊತ್ತು. 1953ರಲ್ಲಿ ಸುಡಾನಿನ ಪ್ರಥಮ ಸಂಸತ್ ಚುನಾವಣೆಗೆ ಏಳು ಸದಸ್ಯರ ಅಂತಾರಾಷ್ಟ್ರೀಯ ಆಯೋಗ ರಚನೆಯಾಯಿತು. ಮೂವರು ಸುಡಾನಿಗಳು; ಈಜಿಪ್ಟ್, ಬ್ರಿಟನ್, ಅಮೆರಿಕಗಳಿಂದ ತಲಾ ಒಬ್ಬರು; ಅಧ್ಯಕ್ಷರು ಭಾರತದ ಸುಕುಮಾರ್ ಸೇನ್. ಅಕ್ಷರ ಬಾರದ ಕೋಟ್ಯಂತರ ಮತದಾರರಿದ್ದ ನಮ್ಮ ಮೊದಲ ಮಹಾಚುನಾವಣೆಯನ್ನು ಅವರು ಆಗಷ್ಟೇ ನಡೆಸಿಕೊಟ್ಟಿದ್ದರು. ಸುಡಾನನ್ನು ಜಂಟಿಯಾಗಿ ಆಳುತ್ತಿದ್ದ ಬ್ರಿಟನ್ ಮತ್ತು ಈಜಿಪ್ಟ್‌ಗಳಲ್ಲಿ ಯಾರೊಬ್ಬರ ಕೈಗೂ ಆಯೋಗದ ಅಧ್ಯಕ್ಷತೆ ಹೋಗಲಿಲ್ಲ ಎಂಬುದನ್ನು ನಾವು ವಿಶೇಷವಾಗಿ ಗಮನಿಸುತ್ತೇವೆ.

2006ರ ಫೆಲೆಸ್ತೀನ್ ಚುನಾವಣೆಯನ್ನು ಯುರೋಪಿಯನ್ ಒಕ್ಕೂಟದ ವೀಕ್ಷಕರೇ ಮೆಚ್ಚಿದರು. ಹಮಾಸ್ ಗೆದ್ದು ಸರಕಾರ ರಚಿಸಿದಾಗ ಅದೇ ಒಕ್ಕೂಟವು ಆ ಸರಕಾರಕ್ಕೆ ನೀಡುತ್ತಿದ್ದ ನೇರ ನೆರವನ್ನು ನಿಲ್ಲಿಸಿತು. ಗೆದ್ದವರ ನೀತಿಯನ್ನು ವಿರೋಧಿಸಲು ಯಾರಿಗೂ ಹಕ್ಕಿದೆ. ಆದರೆ ಸರತಿಯಲ್ಲಿ ನಿಂತು ಮತ ಚಲಾಯಿಸಿದ ಜನರಿಗೆ ಸಂಬಳ ತಡೆಹಿಡಿದು ಉತ್ತರಿಸುವುದನ್ನು ಪ್ರಜಾಪ್ರಭುತ್ವಕ್ಕೆ ನೀಡುವ ಸಹಕಾರವೆಂದು ನಾವು ಹೇಗೆ ಒಪ್ಪೋಣ?