ರಾಜಾಜಿಯವರ ಸಣ್ಣ ಸರ್ಕಾರ ಯಾರ ಪಾಲಿಗೆ ಸಣ್ಣದು?

ಸರ್ಕಾರ ಕಡಿಮೆ ಆಳಬೇಕು, ಜನರ ವ್ಯವಹಾರದಲ್ಲಿ ತಲೆ ಹಾಕಬಾರದು ಎಂಬ ಉಪದೇಶ ಮತ್ತೆ ವೇದಿಕೆಗಳ ಮೇಲೆ ಕೇಳಿಬರುತ್ತಿದೆ. ಉಪದೇಶಕರು ಸಾಕ್ಷಿಗೆ ಕರೆಯುವುದು ಚಕ್ರವರ್ತಿ ರಾಜಗೋಪಾಲಾಚಾರಿಯವರನ್ನು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, ನೆಹರೂ ಸರ್ಕಾರವನ್ನು ಪರ್ಮಿಟ್-ಲೈಸೆನ್ಸ್ ರಾಜ್ಯವೆಂದು ಮೂದಲಿಸಿದವರು ಅವರು. 1991ರಲ್ಲಿ ಲೈಸೆನ್ಸು ಪದ್ಧತಿ ಬಹುಮಟ್ಟಿಗೆ ತೊಲಗಿದ ಮೇಲಂತೂ ಅವರನ್ನು ಕಾಲಜ್ಞಾನಿಯೆಂದು ಹೊಗಳುವವರು ಹೆಚ್ಚಿದ್ದಾರೆ.

ಸಲ್ಲಬೇಕಾದ ಮರ್ಯಾದೆಯನ್ನು ಮೊದಲು ಸಲ್ಲಿಸಿಬಿಡೋಣ. ಹೊಸೂರಿನ ಕಡೆಯ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ಕೈತುಂಬ ಸಂಪಾದನೆಯಿದ್ದ ವಕೀಲಿಯನ್ನು ಬಿಟ್ಟು ಗಾಂಧೀಜಿಯ ಹಿಂದೆ ಹೊರಟವರು. 1930ರಲ್ಲಿ ವೇದಾರಣ್ಯದಲ್ಲಿ ಉಪ್ಪು ಹೆಕ್ಕಿ ಜೈಲು ಕಂಡವರು. ಪರ್ಮಿಟ್ಟಿಗಾಗಿ ಸಣ್ಣ ವರ್ತಕ ಗುಮಾಸ್ತನ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿದ್ದದ್ದೂ ಸುಳ್ಳಲ್ಲ. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾದೊಡನೆ ಅವರು ಆಹಾರಧಾನ್ಯದ ಕಂಟ್ರೋಲ್ ತೆಗೆದುಹಾಕಿದಾಗ ಅಂಗಡಿಯವನೂ ಕೊಳ್ಳುವವನೂ ಉಸಿರುಬಿಟ್ಟರು. ಇದನ್ನು ಮರೆಮಾಚುವುದು ನ್ಯಾಯವಲ್ಲ.

ಆದರೆ ಅಧಿಕಾರದ ಕೋಲು ತಮ್ಮ ಕೈಯಲ್ಲಿದ್ದಾಗ ಅವರು ಅದನ್ನು ಎಷ್ಟು ಸಣ್ಣದಾಗಿ ಹಿಡಿದರು?

1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದರು. ಕೆಲವೇ ತಿಂಗಳಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಬಾಟ್ಲಿವಾಲಾ ಅವರನ್ನು ಒಂದು ಭಾಷಣಕ್ಕಾಗಿ ರಾಜದ್ರೋಹದ ಆಪಾದನೆಯ ಮೇಲೆ ಬಂಧಿಸಿದರು. ಬ್ರಿಟಿಷರು ಗಾಂಧೀಜಿಯ ಮೇಲೆ ಹೂಡಿದ್ದ ಅದೇ ಆಪಾದನೆ! ಮರುವರ್ಷ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿ, ಪ್ರತಿಭಟಿಸಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಜೈಲಿಗೆ ಕಳಿಸಿದರು. 1951ರಲ್ಲಿ ಕೇಂದ್ರದ ಗೃಹಮಂತ್ರಿಯಾಗಿ, ವಿಚಾರಣೆಯಿಲ್ಲದೆ ಕೂಡಿಹಾಕುವ ಮುಂಜಾಗ್ರತಾ ಬಂಧನ ಕಾಯಿದೆಯ ಆಯುಷ್ಯವನ್ನು ಬೆಳೆಸಿದರು. ಪತ್ರಿಕೆಗಳ ಬಾಯಿಗೆ ಬೀಗ ಹಾಕಬಲ್ಲ ಕಾಯಿದೆಯನ್ನೂ ಅದೇ ವರ್ಷ ತಂದರು. ನಮ್ಮಂಥ ವಾರಪತ್ರಿಕೆಗಳು ಇದನ್ನು ಮರೆಯುವಂತಿಲ್ಲ. 1952ರಲ್ಲಿ ಮುಖ್ಯಮಂತ್ರಿಯ ಕುರ್ಚಿಗೆ ಬಂದದ್ದಾದರೂ ಹೇಗೆ? ಒಬ್ಬ ಮತದಾರನ ಮುಂದೆಯೂ ನಿಲ್ಲದೆ, ರಾಜ್ಯಪಾಲರ ನಾಮಕರಣದಿಂದ ಮೇಲ್ಮನೆಗೆ ಸೇರಿ!

ವರ್ತಕ ಬಂಧುಗಳು ಇನ್ನೊಂದು ಲೆಕ್ಕ ನೋಡಬೇಕು. ಪಾನನಿರೋಧ ಒಳ್ಳೆಯದೇ, ನಾವು ವಿರೋಧಿಗಳಲ್ಲ. ಆದರೆ ಹೆಂಡದ ಆದಾಯ ಕೈಬಿಟ್ಟಾಗ ಬೊಕ್ಕಸ ತುಂಬಲು ಅವರು ಕಂಡುಕೊಂಡ ದಾರಿ 1939ರ ಮಾರಾಟ ತೆರಿಗೆ. ಎಲ್ಲ ಸರಕಿನ ಮೇಲೂ ಬೀಳುವ ಇಂಥ ತೆರಿಗೆಗೆ ದೇಶದಲ್ಲೇ ಅದು ನಾಂದಿ. ಆಗ ಬಳ್ಳಾರಿಯೂ ಮಂಗಳೂರೂ ಮದರಾಸಿಗೆ ಸೇರಿದ್ದವು. ಅಲ್ಲಿಯ ಕನ್ನಡ ವರ್ತಕರು ಲೆಕ್ಕದ ಪುಸ್ತಕ ಹೊತ್ತು ತೆರಿಗೆ ಕಚೇರಿಯ ಮೆಟ್ಟಿಲು ಹತ್ತಿದ್ದು ಈ ಮಹನೀಯರ ಕಾಯಿದೆಯಿಂದ. ಲೈಸೆನ್ಸ್ ರಾಜ್ಯವನ್ನು ಬೈದವರೇ ವರ್ತಕನ ಗಲ್ಲಾಪೆಟ್ಟಿಗೆಗೆ ಸರ್ಕಾರದ ಕೈ ಹಾಕಿಸಿದವರು.

ಇನ್ನು ನಮ್ಮ ಎದೆಗೆ ನಾಟಿದ ಮಾತು. 1953ರಲ್ಲಿ ಹಣದ ಅಭಾವ ಹೇಳಿ ಮದರಾಸಿನ ಹಳ್ಳಿಶಾಲೆಗಳಲ್ಲಿ ಪಾಠದ ಹೊತ್ತನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿದರು. ಉಳಿದ ಹೊತ್ತು ಮಗು ತಂದೆಯ ಕಸುಬು ಕಲಿಯಬೇಕಂತೆ! ಕ್ಷೌರಿಕನ ಮಗ ಕತ್ತಿ ಹಿಡಿಯಲಿ, ಚಮ್ಮಾರನ ಮಗ ಅಡಿಗಟ್ಟೆಯ ಮುಂದೆ ಕೂರಲಿ, ವಕೀಲನ ಮಗ? ಅವನು ಪಟ್ಟಣದಲ್ಲಿ ಇಡೀ ದಿನ ಓದುತ್ತಾನೆ, ಯೋಜನೆ ಹಳ್ಳಿಗೆ ತಾನೆ. ಸ್ಲೇಟು ಹಿಡಿದ ಮಕ್ಕಳ ಎದುರು ವರ್ಷಗಟ್ಟಲೆ ನಿಂತ ನಮಗೆ ಆ ಮಧ್ಯಾಹ್ನದ ಗಂಟೆಗಳ ಬೆಲೆ ಗೊತ್ತು. ಜನ ಸುಮ್ಮನಿರಲಿಲ್ಲ. 1954ರಲ್ಲಿ ಅವರು ಕೆಳಗಿಳಿದರು, ಕಾಮರಾಜರು ಬಂದು ಯೋಜನೆಯನ್ನು ಕಿತ್ತೆಸೆದರು.

ಅದಾಗಿ ಐದು ವರ್ಷಕ್ಕೆ ಸ್ವತಂತ್ರ ಪಕ್ಷ. ಸುತ್ತ ನೆರೆದವರು ಯಾರು? ಮುಂಬಯಿ ಗಿರಣಿ ಮಾಲೀಕರ ಸಂಘಕ್ಕೆ ಹಿಂದೆ ಅಧ್ಯಕ್ಷರಾಗಿದ್ದ ಸರ್ ಹೋಮಿ ಮೋದಿ, ಜಯಪುರದ ಮಹಾರಾಣಿ, ರಾಮಗಡದ ರಾಜ. ಒಂದು ಕಾಲಕ್ಕೆ ನಮ್ಮ ಪಂಕ್ತಿಯಲ್ಲೇ ಉಂಡಿದ್ದ ಮೀನೂ ಮಸಾನಿಯವರೂ ಅಲ್ಲಿದ್ದರು. ಭೂಮಿತಿ ಬೇಡ, ಸಹಕಾರಿ ಬೇಸಾಯ ಬೇಡ. ಸಿರಿವಂತ ತನ್ನ ಆಸ್ತಿಗೆ ಧರ್ಮದರ್ಶಿಯಂತೆ ನಡೆದುಕೊಂಡರೆ ಸಾಕು. ನಡೆದುಕೊಳ್ಳದಿದ್ದರೆ? ಅದಕ್ಕೆ ಉತ್ತರವಿರಲಿಲ್ಲ. 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದ ಪಕ್ಷ 1971ರಲ್ಲಿ 8ಕ್ಕೆ ಇಳಿಯಿತು. ರಾಜಾಜಿಯವರು 1972ರಲ್ಲಿ ತೀರಿಕೊಂಡರು. 1974ರಲ್ಲಿ ಪಕ್ಷ ಬೇರೊಂದರಲ್ಲಿ ಕರಗಿತು.

ಪಕ್ಷ ಕರಗಿತು, ಮಂತ್ರ ಉಳಿಯಿತು. ಸರ್ಕಾರ ಹಿಂದೆ ಸರಿಯುವುದೆಂದರೆ ಗಿರಣಿಯ ಬಾಗಿಲಲ್ಲಿ ಏನರ್ಥ? 2020ರ ಕೈಗಾರಿಕಾ ಸಂಬಂಧ ಸಂಹಿತೆಯನ್ನು ನೋಡಿರಿ. ಹಿಂದಿನ ಕಾಯಿದೆಯಲ್ಲಿ 100 ಜನ ದುಡಿಯುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ಸಂಹಿತೆ ಆ ಅಂಕಿಯನ್ನು 300ಕ್ಕೆ ಏರಿಸಿತು. ಮುಷ್ಕರಕ್ಕೆ ಮಾತ್ರ ಮುಂಗಡ ನೋಟೀಸು ಎಲ್ಲ ಕಾರ್ಖಾನೆಗೂ ಕಡ್ಡಾಯ. ಮಾಲೀಕನ ಬಳಿ ಸರ್ಕಾರ ಸಣ್ಣದಾಯಿತು, ಕಾರ್ಮಿಕನ ಬಳಿ ದೊಡ್ಡದಾಯಿತು.

ನಿಮ್ಮೂರಿನಲ್ಲಿ ಯಾರಾದರೂ ರಾಜಾಜಿಯವರ ಹೆಸರೆತ್ತಿದರೆ 1938ರ ಮದರಾಸು ರೈತ ಋಣಪರಿಹಾರ ಕಾಯಿದೆಯ ವಿಚಾರ ಕೇಳಿರಿ. ಹಳೆಯ ಸಾಲದ ಬಾಕಿ ಬಡ್ಡಿಯನ್ನು ಅಳಿಸಿ, ಅಸಲಿನ ಎರಡರಷ್ಟು ಕಟ್ಟಿದವನನ್ನು ಋಣಮುಕ್ತನೆಂದು ಸಾರಿದ ಕಾಯಿದೆ ಅದು. ಸಾಹುಕಾರನಿಗೂ ಸಾಲಗಾರನಿಗೂ ನಡುವೆ ಸರ್ಕಾರವನ್ನು ತಂದು ನಿಲ್ಲಿಸಿದವರು ಇದೇ ರಾಜಾಜಿ. ಅಂದು ಅದು ಧರ್ಮವಾಗಿದ್ದರೆ, ಇಂದು ಗಿರಣಿ ಮಾಲೀಕನಿಗೂ ಕಾರ್ಮಿಕನಿಗೂ ನಡುವೆ ನಿಲ್ಲುವುದು ಅಧರ್ಮವಾದದ್ದು ಹೇಗೆಂದು ಅವರೇ ಹೇಳಲಿ.