ಬೇಲ್ ಆಗಿದೆ, ಬಿಡುಗಡೆ ಆಗಿಲ್ಲ

ಬೇಲ್ ಎಂಬ ಮಾತಿಗೆ ಈಗ ಕನ್ನಡದಲ್ಲಿ ವಿವರಣೆ ಬೇಕಿಲ್ಲ. ಟಿವಿಯ ಬ್ರೇಕಿಂಗ್ ನ್ಯೂಸಿನಲ್ಲಿ, ಕೋರ್ಟಿನ ಹೊರಗಿನ ಚಹಾದಂಗಡಿಯಲ್ಲಿ, ಸಂತೆಗೆ ಹೊರಟ ಬಸ್ಸಿನಲ್ಲಿ ‘ಬೇಲ್ ಆಯ್ತಂತೆ’ ಎಂದರೆ ಸಾಕು, ಆಸಾಮಿ ಸಂಜೆಯೊಳಗೆ ಮನೆ ಸೇರುತ್ತಾನೆ ಎಂದು ಕೇಳಿದವರು ಲೆಕ್ಕ ಹಾಕಿಬಿಡುತ್ತಾರೆ. ಉಳ್ಳವರ ವಿಷಯದಲ್ಲಿ ಆ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಕೂಲಿಯವನ ಮನೆಯವರಿಗೆ ಮಾತ್ರ ಆದೇಶದ ಪ್ರತಿ ಕೈಸೇರಿದ ಮೇಲೆಯೇ ನಿಜವಾದ ಅಲೆದಾಟ ಶುರುವಾಗುತ್ತದೆ. ಶ್ಯೂರಿಟಿ ಕೊಡುವವರು ಯಾರು? ಪಹಣಿ ಯಾರ ಹೆಸರಿನಲ್ಲಿದೆ?

ಬೇಲ್ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ‘ಬಾಯುಲಸ್’ ಎಂದರೆ ಹೊರೆ ಹೊರುವ ಆಳು. ಹಳೆಯ ಫ್ರೆಂಚಿಗೆ ಬರುವ ಹೊತ್ತಿಗೆ ಅದಕ್ಕೆ ಒಪ್ಪಿಸು, ಇನ್ನೊಬ್ಬರ ವಶಕ್ಕೆ ಕೊಡು ಎಂಬ ಅರ್ಥ ಕೂಡಿಕೊಂಡಿತು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯಗಳಿಗೆ ಫ್ರೆಂಚ್ ಮಾತು ಹರಿದುಬಂತು. ನಮ್ಮ ಸಿವಿಲ್ ಕೋರ್ಟುಗಳಿಂದ ಜಪ್ತಿ ವಾರಂಟು ಹಿಡಿದು ಬರುವ ಬೇಲಿಫ್ ಕೂಡ ಇದೇ ಬೇರಿನ ಕುಡಿ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ನ್ಯಾಯಾಧೀಶರು ಊರಿಂದೂರಿಗೆ ಸಂಚರಿಸುತ್ತಿದ್ದರು. ಅವರು ಬರುವತನಕ ಆರೋಪಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕಿತ್ತು. ಸೆರೆಮನೆಗಳು ರೋಗದ ಗೂಡುಗಳಾಗಿದ್ದವು. ಹಾಗಾಗಿ ಷೆರಿಫ್ ಎಂಬ ಅಧಿಕಾರಿ ಆರೋಪಿಯನ್ನು ನೆಂಟರಿಗೋ ನೆರೆಯವರಿಗೋ ಒಪ್ಪಿಸುತ್ತಿದ್ದ. ಅಲ್ಲಿಂದ ಮುಂದೆ ಅವರೇ ಕಾವಲುಗಾರರು; ಹೇಳಿದ ದಿನ ಆರೋಪಿಯನ್ನು ತಂದು ನಿಲ್ಲಿಸುವುದು ಅವರ ಜವಾಬ್ದಾರಿ. ಷೆರಿಫ್‌ಗಳ ಕೈಗೆ ಸಿಕ್ಕ ಈ ಅಧಿಕಾರ ಬೇಗನೆ ಕೆಟ್ಟಿತು. ಬಿಡಬಾರದವರನ್ನು ದುಡ್ಡು ಪಡೆದು ಬಿಟ್ಟರು, ಬಿಡಬೇಕಾದವರನ್ನು ದುಡ್ಡಿಗಾಗಿ ಕೂಡಿಹಾಕಿದರು. ಅದನ್ನು ತಡೆಯಲೆಂದೇ 1275ರ ವೆಸ್ಟ್‌ಮಿನ್‌ಸ್ಟರ್ ಶಾಸನ ಯಾವ ಅಪರಾಧಕ್ಕೆ ಬೇಲ್ ಉಂಟು, ಯಾವುದಕ್ಕಿಲ್ಲ ಎಂದು ಗೆರೆ ಎಳೆಯಿತು. 1689ರ ಹಕ್ಕುಗಳ ಮಸೂದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿಪರೀತ ಮೊತ್ತದ ಬೇಲ್ ಕೇಳಕೂಡದು ಎಂದಿತು.

ಕನ್ನಡದಲ್ಲಿ ಬೇಲ್‌ಗೆ ನಾವು ಬಳಸುವ ‘ಜಾಮೀನು’ ಅರಬ್ಬೀ ಮೂಲದ್ದು, ಪಾರಸಿಯ ಹಾದಿಯಲ್ಲಿ ಬಂದದ್ದು. ಮೂಲದಲ್ಲಿ ಅದು ಬಿಡುಗಡೆಯ ಹೆಸರಲ್ಲ, ಹೊಣೆ ನಿಲ್ಲುವ ಮನುಷ್ಯನ ಹೆಸರು. ಸಾಲಕ್ಕೆ ನಿಲ್ಲುವವನೂ ಜಾಮೀನೇ, ಕೈದಿಗೆ ನಿಲ್ಲುವವನೂ ಜಾಮೀನೇ. ಕೋರ್ಟು ಕೊಡುವುದೂ ಜಾಮೀನು, ಪಕ್ಕದ ಮನೆಯವರು ಕೊಡಬೇಕಾದದ್ದೂ ಜಾಮೀನು. ಎರಡೂ ಒಂದೇ ಮಾತಿನೊಳಗೆ ಬೆರೆತಿರುವುದರಿಂದಲೋ ಏನೋ, ಹೊಣೆಗಾರನಿಲ್ಲದೆಯೂ ಕೋರ್ಟು ಒಬ್ಬನನ್ನು ಬಿಡಬಹುದು ಎಂಬ ಸಂಗತಿ ಜನರ ತಿಳಿವಳಿಕೆಗೆ ಬಂದೇ ಇಲ್ಲ. ಎಷ್ಟೋ ಕೋರ್ಟುಗಳ ರೂಢಿಯಲ್ಲೂ ಅದಕ್ಕೆ ಜಾಗ ಸಿಕ್ಕಿಲ್ಲ.

ಕಾನೂನಿನಲ್ಲಿ ಜಾಗ ಇದೆ. 1978ರ ಮೋತಿರಾಮ್ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಬೇಲ್ ಕೊಟ್ಟಿತ್ತು. ಷರತ್ತು ಹಾಕುವ ಕೆಲಸ ಕೆಳಗಿನ ಮ್ಯಾಜಿಸ್ಟ್ರೇಟರದು. ಅವರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಆಗಿನ ಕಾಲಕ್ಕೆ ಅದು ಕೂಲಿಯವನ ಕನಸಿಗೂ ನಿಲುಕದ ಮೊತ್ತ. ಅಣ್ಣತಮ್ಮಂದಿರಲ್ಲಿ ಒಬ್ಬ ಹೊಣೆ ನಿಲ್ಲಲು ಮುಂದೆ ಬಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂದು ಒಪ್ಪಲಿಲ್ಲ. ಸಂಗತಿ ಮತ್ತೆ ದೆಹಲಿಗೆ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪಿನಲ್ಲಿ ಸಿಟ್ಟನ್ನು ಮುಚ್ಚಿಡಲಿಲ್ಲ. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರ್‌ನಲ್ಲಿ, ಪಹಲ್ಗಾಮ್‌ನಲ್ಲಿ, ಚಾಂದನಿ ಚೌಕದಲ್ಲಿ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿಯಿರುವ ಹೊಣೆಗಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. ಬೇಲ್ ಎಂದರೆ ಶ್ಯೂರಿಟಿ ಸಹಿತವೂ ಆಗಬಹುದು, ರಹಿತವೂ ಆಗಬಹುದು ಎಂದು ಬರೆದು, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು.

ಮರುವರ್ಷವೇ ಹುಸೈನಾರಾ ಖಾತೂನ್ ಪ್ರಕರಣ ಬಂತು. ಬಿಹಾರದ ಜೈಲುಗಳಲ್ಲಿ ಶಿಕ್ಷೆಯ ಗರಿಷ್ಠ ಅವಧಿಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕಾ ವರದಿ ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಆಸ್ತಿ ನೋಡಿ ಬೇಲ್ ಕೊಡುವ ಪದ್ಧತಿ ಬಡವರ ಪಾಲಿಗೆ ಅನ್ಯಾಯ ಎಂದ ನ್ಯಾಯಮೂರ್ತಿ ಪಿ.ಎನ್. ಭಗವತಿ, ಆರೋಪಿಗೆ ಊರಿನಲ್ಲಿ ಬೇರು ಎಷ್ಟಿದೆ ಎಂಬುದನ್ನು ನೋಡಿ ಎಂದರು: ಎಷ್ಟು ವರ್ಷದಿಂದ ಅಲ್ಲಿದ್ದಾನೆ, ಕೆಲಸ ಏನು, ಹೆಂಡತಿ ಮಕ್ಕಳು ಎಲ್ಲಿದ್ದಾರೆ.

ಇಷ್ಟಾಗಿ ನಾಲ್ಕು ದಶಕ ಕಳೆದ ಮೇಲಿನ ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳಿದೆ. ನಾಲ್ವರಲ್ಲಿ ಮೂವರ ಅಪರಾಧ ಸಾಬೀತೇ ಆಗಿರಲಿಲ್ಲ. ಇವರಲ್ಲಿ ಎಲ್ಲರಿಗೂ ಬೇಲ್ ಸಿಗಬೇಕೆಂದು ಯಾರೂ ವಾದಿಸುವುದಿಲ್ಲ. ಆದರೆ ಬೇಲ್ ಸಿಕ್ಕಿಯೂ ಒಳಗೇ ಉಳಿದವರದು ಬೇರೆಯೇ ಪ್ರಶ್ನೆ. ಇವರನ್ನು ಹೊರಗೆ ಬಿಡಬಹುದೆಂದು ನ್ಯಾಯಾಧೀಶರು ಆಗಲೇ ತೀರ್ಮಾನಿಸಿದ್ದಾರೆ.

ಬೆಂಗಳೂರಿನ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದ ಒಡಿಶಾದ ಹುಡುಗನೊಬ್ಬ ಮೊಬೈಲ್ ಕಳವಿನ ಕೇಸಿನಲ್ಲಿ ಪರಪ್ಪನ ಅಗ್ರಹಾರ ಸೇರಿದ ಎಂದಿಟ್ಟುಕೊಳ್ಳಿ. ಇಬ್ಬರು ಸ್ಥಳೀಯ ಹೊಣೆಗಾರರು ಬೇಕು ಎಂದು ಆದೇಶ. ಅವನ ಜೊತೆಗಾರರು ಶೆಡ್ಡಿನಲ್ಲಿ ಮಲಗುವವರು. ಮೇಸ್ತ್ರಿಗೆ ಕೋರ್ಟಿನ ಸಹವಾಸ ಬೇಡ. ಹೊಣೆ ನಿಲ್ಲುವವರು ಪಹಣಿ, ಆಧಾರ್, ಫೋಟೊ, ಅಫಿಡವಿಟ್ಟು ಹಿಡಿದು ಖುದ್ದಾಗಿ ಬರಬೇಕು. ಆರೋಪಿ ನಿಮಗೆ ಹೇಗೆ ಪರಿಚಯ ಎಂದರೆ ಉತ್ತರಿಸಬೇಕು. ಊರಿಂದ ಅವನ ಅಪ್ಪ ಬಂದರೂ ಆ ಕಾಗದಗಳು ಒಡಿಯಾದಲ್ಲಿರುತ್ತವೆ, ಆಸ್ತಿ ಒಡಿಶಾದಲ್ಲಿರುತ್ತದೆ. ಕೃಷ್ಣ ಅಯ್ಯರ್ ಕನ್ನಡಿಗನ ಪರವಾಗಿ ಕೇಳಿದ್ದ ಪ್ರಶ್ನೆಯನ್ನು ಈಗ ಈ ಹುಡುಗನ ಪರವಾಗಿ ಕನ್ನಡಿಗರು ಕೇಳಬೇಕಾಗಿದೆ.

ಈ ಬಿಕ್ಕಟ್ಟು ಒಂದು ಕಳ್ಳದಂಧೆಯನ್ನೂ ಸಾಕಿದೆ. ನಕಲಿ ಪಹಣಿ, ನಕಲಿ ಆಧಾರ್ ತಯಾರಿಸಿ, ಮುಖವನ್ನೇ ನೋಡದ ಆರೋಪಿಗೆ ಶ್ಯೂರಿಟಿ ನಿಲ್ಲುವ ಜಾಲಗಳನ್ನು ಬೆಂಗಳೂರು ಪೊಲೀಸರು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ದುಡ್ಡಿದ್ದವನು ಹೀಗೆ ಹೊರಗೆ ಹೋಗುತ್ತಾನೆ. ನ್ಯಾಯಾಲಯಕ್ಕೆ ಸಿಗುವ ಭದ್ರತೆ ಕಾಗದದ ಮೇಲಿನದು ಮಾತ್ರ.

ಹೊಣೆಗಾರನಿಲ್ಲದಿದ್ದರೆ ಆರೋಪಿ ಪರಾರಿಯಾದಾನು ಎಂಬ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಅಮೆರಿಕ ಅದಕ್ಕೆ ಬೇರೆ ದಾರಿ ಹುಡುಕಿದೆ. ನ್ಯೂಯಾರ್ಕಿನ ಮ್ಯಾನ್‌ಹಾಟನ್‌ನಲ್ಲಿ 1961ರಲ್ಲಿ ವೆರಾ ಫೌಂಡೇಶನ್ ಆರೋಪಿಗಳ ಕುಟುಂಬ, ಕೆಲಸ, ವಾಸ ವಿಚಾರಿಸಿ, ಬೇರು ಗಟ್ಟಿಯಿದ್ದವರನ್ನು ಬರೀ ಮಾತಿನ ಮೇಲೆ ಬಿಡಿಸುವ ಪ್ರಯೋಗ ಮಾಡಿತು. ಬಹುತೇಕ ಎಲ್ಲರೂ ಕೋರ್ಟಿಗೆ ಮರಳಿ ಬಂದರು. ಅದೇ ದೇಶದ ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರಿನಲ್ಲಿ ಹಣದ ಬೇಲನ್ನೇ ಪೂರ್ತಿ ಕೈಬಿಟ್ಟಿತು.

ನಮ್ಮಲ್ಲಿಯೂ ಬರಹದಲ್ಲಿ ಕೊರತೆಯಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಬೇಲ್ ಎಂದರೇನು ಎಂದು ಹೇಳಿರಲೇ ಇಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದಕ್ಕೆ ವ್ಯಾಖ್ಯೆ ಕೊಟ್ಟಿದೆ, ಶ್ಯೂರಿಟಿ ಇಲ್ಲದ ಸ್ವಂತ ಮುಚ್ಚಳಿಕೆಯನ್ನೂ ಅದರೊಳಗೆ ಸೇರಿಸಿದೆ. ಜಾಮೀನೀಯ ಅಪರಾಧದಲ್ಲಿ ಬಂಧನವಾದ ಒಂದು ವಾರದೊಳಗೆ ಶ್ಯೂರಿಟಿ ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ ಮುಚ್ಚಳಿಕೆಯ ಮೇಲೆ ಬಿಡಬೇಕು ಎಂಬ ನಿಯಮ ಅದಕ್ಕೂ ಮುಂಚಿನಿಂದ ಇದೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟ ಸೂಚನೆ ಕೊಟ್ಟಿತು: ಬೇಲ್ ಆದ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು, ಸ್ಥಳೀಯ ಶ್ಯೂರಿಟಿಗೆ ಪಟ್ಟು ಹಿಡಿಯಬಾರದು. ಬಡ ಕೈದಿಗಳಿಗೆ 40,000 ರೂಪಾಯಿವರೆಗೆ ನೆರವು ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು. ಅದು ಒಳ್ಳೆಯದೇ, ಆದರೆ ಹಣ ಕೊಟ್ಟ ಮಾತ್ರಕ್ಕೆ ಒಡಿಶಾದ ಹುಡುಗನಿಗೆ ಇಲ್ಲಿ ಗುರುತಿನವರು ಹುಟ್ಟಿಕೊಳ್ಳುವುದಿಲ್ಲ.

ಆದ್ದರಿಂದ ಕರ್ನಾಟಕದ ಕೋರ್ಟುಗಳಿಂದ ನಿರೀಕ್ಷಿಸಬಹುದಾದದ್ದು ಹೊಸ ಕಾನೂನಲ್ಲ. ಶ್ಯೂರಿಟಿ ಕೇಳುವ ಪ್ರತಿ ಆದೇಶದಲ್ಲೂ ಸ್ವಂತ ಮುಚ್ಚಳಿಕೆ ಯಾಕೆ ಸಾಲದು ಎಂಬುದಕ್ಕೆ ಒಂದೆರಡು ಸಾಲಿನ ಕಾರಣ ಬರೆಯಲಿ. ಬೇಲ್ ಆಗಿಯೂ ಒಳಗಿರುವವರ ಪಟ್ಟಿಯನ್ನು ಪ್ರತಿ ಜೈಲು ತಿಂಗಳಿಗೊಮ್ಮೆ ಜಿಲ್ಲಾ ನ್ಯಾಯಾಧೀಶರ ಮುಂದಿಡಲಿ, ಎಷ್ಟು ಮಂದಿ ಹಾಗಿದ್ದಾರೆ ಎಂಬ ಸಂಖ್ಯೆಯನ್ನು ಸಾರ್ವಜನಿಕರಿಗೂ ತಿಳಿಸಲಿ. ಕಾನೂನು ಸೇವಾ ಪ್ರಾಧಿಕಾರದ ವಕೀಲರು ಮೂವತ್ತೊಂದನೆಯ ದಿನವೇ ಷರತ್ತು ಬದಲಾವಣೆಗೆ ಅರ್ಜಿ ಹಾಕಲಿ. ಇದಕ್ಕೆ ವಿಧಾನಸೌಧದ ಒಪ್ಪಿಗೆ ಬೇಕಿಲ್ಲ, ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕಾಗಿಲ್ಲ. ಹೈಕೋರ್ಟಿನ ಒಂದು ಸುತ್ತೋಲೆ ಸಾಕು.