ಶೇಂಗಾ ಚಟ್ನಿಯ ಮೇಲೇಕೆ ಆರೋಪ?

ಸೊಲ್ಲಾಪುರ, ಅಕ್ಕಲಕೋಟ ಕಡೆ ಶುಗರ್ ಇದ್ದವರಿಗೆ ಕೊಲೆಸ್ಟ್ರಾಲ್ ಏರಿತೆಂದರೆ ಮನೆಯವರ ಕಣ್ಣು ಮೊದಲು ಹೋಗುವುದು ಶೇಂಗಾ ಚಟ್ನಿಯ ಡಬ್ಬಿಯ ಕಡೆಗೆ. ಶೇಂಗಾದಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ! ಎಣ್ಣೆ, ಉಪ್ಪಿನ ಮೇಲೆ ಹಿಡಿತ ಬೇಕು, ನಿಜ. ಆದರೆ ಊಟ ಬಿಡಿಸುವ ಮೊದಲು ರಕ್ತದ ರಿಪೋರ್ಟನ್ನು ಇನ್ನೊಮ್ಮೆ ನೋಡಬೇಕು.

ಕೊಲೆಸ್ಟ್ರಾಲಿನ ಏರಿಳಿತ ಹಾರ್ಮೋನುಗಳ ಕೈಯಲ್ಲೂ ಇದೆ. ಇನ್ಸುಲಿನ್ ಅಂಥದೊಂದು ಹಾರ್ಮೋನು. ಅದರ ಮಾತು ನಡೆಯದಾದಾಗ ಮೈಯ ಕೊಬ್ಬು ಕರಗಿ ಯಕೃತ್ತಿಗೆ ಹರಿಯುತ್ತದೆ. ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯದೆನ್ನುವ ಎಚ್‌ಡಿಎಲ್ ಇಳಿಯುತ್ತದೆ. ಕೆಟ್ಟದೆನ್ನುವ ಎಲ್‌ಡಿಎಲ್ ಅನೇಕ ಮಧುಮೇಹಿಗಳಲ್ಲಿ ಅಷ್ಟೇನೂ ಏರುವುದಿಲ್ಲ. ಹಾಗಿದ್ದೂ ಅದೇ ಎದ್ದು ಕಂಡರೆ ಥೈರಾಯ್ಡ್ ಮೇಲೆ ಸಂಶಯ ಬರಬೇಕು. ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳಲು ಯಕೃತ್ತಿಗೆ ಥೈರಾಯ್ಡ್ ಹಾರ್ಮೋನಿನ ಬಲ ಬೇಕು. ಅದು ಕಡಿಮೆಯಾದರೆ ಕೊಲೆಸ್ಟ್ರಾಲ್ ರಕ್ತದಲ್ಲೇ ಉಳಿಯುತ್ತದೆ. ಶುಗರ್ ಇದ್ದವರಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು. ದಣಿವು, ಮಲಬದ್ಧತೆ, ಊದಿದ ಮುಖ ಎಲ್ಲವನ್ನೂ ಶುಗರಿನ ಲೆಕ್ಕಕ್ಕೋ ವಯಸ್ಸಿನ ಲೆಕ್ಕಕ್ಕೋ ಬರೆದುಬಿಡುತ್ತೇವೆ. ಹೆಂಗಸರಿಗೆ ಹೀಗಾದರೆ ಅಷ್ಟು ವಿಚಾರಿಸುವವರೂ ಕಡಿಮೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇವರಲ್ಲಿ 40 ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕಾಗುತ್ತದೆ. ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಥೈರಾಯ್ಡ್ ಕೊರತೆಯನ್ನು ಹಾಗೇ ಬಿಟ್ಟು ಸ್ಟ್ಯಾಟಿನ್ ನುಂಗಿಸಿದರೆ ಸ್ನಾಯು ನೋವಿನ ಅಪಾಯ ಹೆಚ್ಚು. ಎಲ್‌ಡಿಎಲ್ ಏರಿದ ಮಧುಮೇಹಿಗೆ ಮಾತ್ರೆ ಬರೆಯುವ ಮುಂಚೆ ವೈದ್ಯರು ಥೈರಾಯ್ಡ್ ಕೊರತೆಯನ್ನು ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆಯನ್ನೂ ಬರೆಯಲಿ. ಬರೆಯದಿದ್ದರೆ ರೋಗಿಯೇ ಕೇಳಲಿ. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ತಪಾಸಣೆ, ಚಿಕಿತ್ಸೆ ಉಚಿತ. ಅಕ್ಕಲಕೋಟದ ಸರಕಾರಿ ರುಗ್ಣಾಲಯವೂ ಇದೇ ಇಲಾಖೆಯದು. ಕೇಳಲು ಸಂಕೋಚ ಏಕೆ?

ಇನ್ನೊಂದು ಮಾತು ರುಗ್ಣಾಲಯಗಳಿಗೆ. ಅಕ್ಕಲಕೋಟ ತಾಲೂಕಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಪರೀಕ್ಷೆಯಲ್ಲಿ ಕೊರತೆ ಕಂಡವರು ಥೈರಾಯ್ಡ್ ಗುಳಿಗೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಚಹಾಕ್ಕಿಂತ ಅರ್ಧ ತಾಸಾದರೂ ಮೊದಲು ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೂ ಅದಕ್ಕೂ ನಡುವೆ ನಾಲ್ಕು ತಾಸು ಬಿಡಬೇಕು. ಇಷ್ಟನ್ನು ಔಷಧ ಕೊಡುವ ಕಿಟಕಿಯಲ್ಲೇ ಕನ್ನಡದಲ್ಲಿ ಹೇಳಲಿ. ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿ, ಅದು ಹದಕ್ಕೆ ಬಂದ ಮೇಲೆ ಕೊಲೆಸ್ಟ್ರಾಲ್ ಪರೀಕ್ಷೆ ಇನ್ನೊಮ್ಮೆ ಆಗಲಿ. ಸ್ಟ್ಯಾಟಿನ್ ಎಷ್ಟು ಬೇಕೆಂಬುದನ್ನು ಆ ರಿಪೋರ್ಟ್ ಹೇಳುತ್ತದೆ.